ಕೀಲೆಣ್ಣೆಯಿಂದ ಎಂಜಿನ್ ಆಯಿಲ್‌ವರೆಗೆ: ಐದು ತಾಲ್ಲೂಕಿನ ಗಾಲಿಗಳ ಕಥೆ

ಕುಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ಊರುಗಳಲ್ಲಿ ಕಾರು ಇಟ್ಟುಕೊಂಡವರೆಲ್ಲ ವರ್ಷಕ್ಕೊಮ್ಮೆಯಾದರೂ ಕೇಳಿಕೊಳ್ಳುವ ಪ್ರಶ್ನೆ ಒಂದಿದೆ: ಆಯಿಲ್ ಎಲ್ಲಿ ಬದಲಿಸುವುದು? ಹರಪನಹಳ್ಳಿಯವರು ದಾವಣಗೆರೆಯ ಕಡೆ ಮುಖ ಮಾಡುತ್ತಾರೆ. ಕುಡ್ಲಿಗಿಯವರಿಗೆ ಹೆದ್ದಾರಿ ಇದೆ. ಒಂದು ಕಡೆ ಹೊಸಪೇಟೆ, ಇನ್ನೊಂದು ಕಡೆ ಚಿತ್ರದುರ್ಗ. ಹಗರಿಬೊಮ್ಮನಹಳ್ಳಿಗೆ ಹೊಸಪೇಟೆಯೇ ಅನುಕೂಲ. ಹಡಗಲಿಯವರು ಹೊಸಪೇಟೆಗೂ ಹೋಗುತ್ತಾರೆ, ತುಂಗಭದ್ರೆ ದಾಟಿ ಹಾವೇರಿ, ರಾಣೆಬೆನ್ನೂರಿನ ಕಡೆಗೂ ಹೋಗುತ್ತಾರೆ. ನಡುವೆ ಇರುವ ನಮ್ಮ ಕೊಟ್ಟೂರಿನವರು ಅಂದಿನ ಕೆಲಸ ಯಾವ ಊರಲ್ಲಿದೆಯೋ ಆ ದಾರಿ ಹಿಡಿಯುತ್ತಾರೆ. ಇದೆಲ್ಲ ಬೇಡವೆಂದು ಊರಿನ ಗ್ಯಾರೇಜಿನಲ್ಲೇ, ಬೇವಿನ ಮರದ ನೆರಳಲ್ಲಿ ಗಾಡಿ ನಿಲ್ಲಿಸಿ ಬದಲಿಸಿಕೊಳ್ಳುವವರೂ ಬೇಕಾದಷ್ಟು ಜನ ಇದ್ದಾರೆ.

ನಾನು ಇತಿಹಾಸ ಪಾಠ ಹೇಳಿ ನಿವೃತ್ತನಾದವನು. ನಮ್ಮಜ್ಜ ಬಂಡಿ ಹೊಡೆದ, ಅಪ್ಪ ಖಾಸಗಿ ಬಸ್ಸು ಓಡಿಸಿದ, ನಾನು ಕಾರು ಇಟ್ಟುಕೊಂಡೆ. ಹೀಗಾಗಿ ಗಾಲಿಗೆ ಎಣ್ಣೆ ಹಾಕುವ ಕೆಲಸವನ್ನು ಮೂರು ತಲೆಮಾರಿನ ಉದ್ದಕ್ಕೂ ಹತ್ತಿರದಿಂದ ಕಂಡಿದ್ದೇನೆ, ಕೇಳಿದ್ದೇನೆ. ರಾಜರ ಚರಿತ್ರೆಯನ್ನು ಶಾಸನಗಳು ಉಳಿಸಿಕೊಟ್ಟಿವೆ. ಗಾಲಿ ತಿರುಗಿಸಿದವರ ಚರಿತ್ರೆಯನ್ನು ನಾವೇ ಬರೆದಿಡಬೇಕು. ಅದನ್ನು ಜೋಡಿಸುತ್ತ ಹೋದಾಗ ನನಗೆ ಖಚಿತವಾದ ಮಾತು ಇಷ್ಟು: ನಮ್ಮ ಸೀಮೆಯಲ್ಲಿ ಗಾಡಿ ಬಾಳಿಕೆ ಬಂದದ್ದು ಎಣ್ಣೆಯ ಹೆಸರಿನಿಂದಲ್ಲ, ಎಣ್ಣೆ ಹಾಕುವಾಗ ಒಡೆಯ ಪಕ್ಕದಲ್ಲಿ ನಿಂತಿದ್ದರಿಂದ.

ಮೊದಲು ಈ ಸೀಮೆ ಯಾವ ಕಡೆ ಮುಖ ಮಾಡಿತ್ತು ಎಂಬುದನ್ನು ಹೇಳಬೇಕು. 1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸಿನವರು. ಹರಪನಹಳ್ಳಿ ಮದ್ರಾಸಿಗೆ ಸೇರಿತ್ತು, ಒಂದು ಹಗಲಿನ ಬಂಡಿ ದಾರಿಗಿಂತ ತುಸು ಹೆಚ್ಚು ದೂರದ ದಾವಣಗೆರೆ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಹಡಗಲಿಯಿಂದ ಹೊಳೆ ದಾಟಿದರೆ ಬೊಂಬಾಯಿ ಪ್ರಾಂತ್ಯ, ಕೊಪ್ಪಳದ ಕಡೆ ನಿಜಾಮರ ಸೀಮೆ. ಆಮೇಲೂ ನಮ್ಮ ವಿಳಾಸ ನಿಲ್ಲಲಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿ ಅಲ್ಲಿಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಸೇರಿದವು. ಹರಪನಹಳ್ಳಿಯ ಬೀದಿಯಲ್ಲಿ ಇವತ್ತಿಗೂ ದಾವಣಗೆರೆಯ ಕೆಎ-17 ನಂಬರಿನ ಗಾಡಿಗಳೂ ಹೊಸಪೇಟೆಯ ಕೆಎ-35ರ ಗಾಡಿಗಳೂ ಅಕ್ಕಪಕ್ಕ ನಿಂತಿರುತ್ತವೆ. ಸರ್ಕಾರದ ಗಡಿ ಎಲ್ಲೇ ಸರಿದಾಡಲಿ, ಗಾಡಿಯವರು ಸಂತೆ, ಜಾತ್ರೆ, ಮಿಲ್ಲು, ರಿಪೇರಿ ಎಲ್ಲಿದೆಯೋ ಅಲ್ಲಿಗೆ ಹೋಗುತ್ತ ಬಂದರು.

ಆ ದಾರಿಗಳಲ್ಲಿ ಮೊದಲು ಓಡಿದ್ದು ಬಂಡಿ. ಕೊಟ್ಟೂರು ಹತ್ತಿ, ಶೇಂಗಾ ವ್ಯಾಪಾರದ ಊರು. 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ರೈಲು ಬಂದ ಮೇಲಂತೂ ಸುತ್ತಲಿನ ಹಳ್ಳಿಗಳ ಬಂಡಿಗಳೆಲ್ಲ ಇಲ್ಲಿಗೇ ಬಂದು ಸೇರುತ್ತಿದ್ದವು. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಎದ್ದ ಮೇಲೆ ಆ ಕಡೆಯೂ ಬಂಡಿಗಳ ಸಾಲು ಹೊರಟಿತು. ಮಾಲು ಹೇರಿದ ಬಂಡಿಯ ಗಾಲಿ ಒಣ ಅಚ್ಚಿನ ಮೇಲೆ ತಿರುಗಿದರೆ ಎತ್ತಿಗೆ ಭಾರ, ಅಚ್ಚಿಗೆ ಕೇಡು. ಅದಕ್ಕೇ ಪ್ರತಿ ಬಂಡಿಯ ಅಡಿಯಲ್ಲಿ ಬಿದಿರಿನ ಒಂದು ಗೊಟ್ಟ ತೂಗುತ್ತಿತ್ತು. ಅದರೊಳಗೆ ಕೀಲೆಣ್ಣೆ.

ಕೀಲೆಣ್ಣೆ ಪೇಟೆಯ ಮಾಲಾಗಿರಲಿಲ್ಲ, ಮನೆಯಲ್ಲೇ ಆಗುತ್ತಿತ್ತು. ಹೊಲದ ಬದುವಿನಲ್ಲಿ ಬೆಳೆದ ಔಡಲ ಬೀಜದ ಎಣ್ಣೆಗೆ ಹುಲ್ಲು ಸುಟ್ಟ ಕರಿಯನ್ನು ನುಣ್ಣಗೆ ಅರೆದು ಕಲಸುತ್ತಿದ್ದರು. ಔಡಲೆಣ್ಣೆ ಮಂದ, ಬೇಸಿಗೆಯ ಬಿಸಿಗೂ ನೀರಾಗಿ ಹರಿದುಹೋಗುವುದಿಲ್ಲ. ಕರಿ ಸೇರಿದರೆ ಇನ್ನಷ್ಟು ಅಂಟಿಕೊಂಡು ನಿಲ್ಲುತ್ತದೆ. ಎಂಜಿನಿಯರುಗಳು ಗ್ರೀಸಿಗೆ ಗ್ರಾಫೈಟ್ ಬೆರೆಸುವುದರ ಹಿಂದೆ ಯಾವ ತಿಳಿವಳಿಕೆ ಇದೆಯೋ ನಮ್ಮ ಹಳ್ಳಿಯವರ ಈ ಕಲಸಾಟದ ಹಿಂದೆಯೂ ಅಂಥದೇ ತಿಳಿವಳಿಕೆ ಇತ್ತು.

ಹಾಕುವ ಕ್ರಮವೂ ಹಾಗೇ ಕಟ್ಟುನಿಟ್ಟು. ಅಜ್ಜ ದೂರದ ಪಯಣದ ಹಿಂದಿನ ಸಂಜೆ ಎತ್ತು ಬಿಚ್ಚಿ, ಬಂಡಿಯ ಒಂದು ಮಗ್ಗುಲಿಗೆ ಮರದ ಊರೆ ಕೊಟ್ಟು ಗಾಲಿಯನ್ನು ನೆಲದಿಂದ ಎರಡು ಬೆರಳು ಎತ್ತುತ್ತಿದ್ದ. ಕಡಾಣಿ ಕಿತ್ತು, ಗಾಲಿಯನ್ನು ಪೂರ್ತಿ ತೆಗೆಯದೆ ಗೇಣುದ್ದ ಹೊರಕ್ಕೆ ಎಳೆಯುತ್ತಿದ್ದ. ಮೊದಲು ಹಳೆಯ ಎಣ್ಣೆಯನ್ನು ಗೋಣಿಚೀಲದ ಚೂರಿನಿಂದ ಒರೆಸಿ ಬೆರಳ ನಡುವೆ ತಿಕ್ಕಿ ನೋಡಬೇಕು. ಮರಳು ಹರಳು ಹರಳಾಗಿ ಸಿಕ್ಕರೆ ಪೂರ್ತಿ ಒರೆಸಿ ತೆಗೆಯಬೇಕು. ಹಳೆಯದರ ಮೇಲೆ ಹೊಸದನ್ನು ಬಳಿದರೆ ಮರಳು ಒಳಗೇ ಉಳಿದು ಅಚ್ಚನ್ನು ತಿನ್ನುತ್ತದೆ. ಆಮೇಲೆ ಬಟ್ಟೆ ಸುತ್ತಿದ ಕಡ್ಡಿಯನ್ನು ಗೊಟ್ಟದಲ್ಲಿ ಅದ್ದಿ ಅಚ್ಚಿನ ಸುತ್ತ ಬಳಿದು, ಗಾಲಿ ಒಳಕ್ಕೆ ತಳ್ಳಿ, ಕಡಾಣಿ ಬಡಿದು, ಒಂದು ಸುತ್ತು ಕೈಯಲ್ಲಿ ತಿರುಗಿಸಿ ಕಿವಿಗೊಡಬೇಕು. ಈ ಕೆಲಸವನ್ನು ಅಜ್ಜ ಆಳಿಗೆ ಬಿಡುತ್ತಿರಲಿಲ್ಲ. ಅಪ್ಪನಿಗೂ ಕಡ್ಡಿ ಕೊಟ್ಟದ್ದು ಮೀಸೆ ಬಂದ ಮೇಲೆಯೇ.

ಹಡಗಲಿ ತಾಲ್ಲೂಕಿನ ಮೈಲಾರ ಜಾತ್ರೆಗೆ ಹೋಗುವ ಮುನ್ನ ಇಡೀ ಊರಿಗೆ ಊರೇ ಈ ಕೆಲಸಕ್ಕೆ ಕೂರುತ್ತಿತ್ತು. ಭರತ ಹುಣ್ಣಿಮೆಯ ಹೊತ್ತಿಗೆ ಡೆಂಕನ ಮರಡಿಯಲ್ಲಿ ನುಡಿಯುವ ಕಾರ್ಣಿಕದ ಭವಿಷ್ಯವಾಣಿ ಕೇಳಲು ಎಷ್ಟೋ ಜಿಲ್ಲೆಗಳಿಂದ ಬಂಡಿಗಳು ಬರುತ್ತಿದ್ದವು; ಇವತ್ತಿಗೂ ಬಂಡಿ ಕಟ್ಟಿಕೊಂಡೇ ಬರುವವರಿದ್ದಾರೆ. ಉಚ್ಚಂಗಿದುರ್ಗದ ಯಲ್ಲಮ್ಮನಿಗೆ ಹೋಗುವವರದ್ದೂ ಇದೇ ರೂಢಿ. ನಮ್ಮ ಕೊಟ್ಟೂರೇಶ್ವರನ ತೇರಿಗೂ ಅಚ್ಚು, ಗಾಲಿಗಳೇ ಜೀವ. 2017ರ ಫೆಬ್ರುವರಿಯಲ್ಲಿ ತೇರು ಉರುಳಿದಾಗ ಊರಿನ ಹಿರಿಯರ ಬಾಯಲ್ಲಿ ಮೊದಲು ಬಂದ ಮಾತು ಅಚ್ಚು, ಗಾಲಿಗಳದ್ದೇ. ಬಂಡಿಯ ಕಾಲದ ಜನ ಕೇಡನ್ನು ಅಲ್ಲಿಂದಲೇ ಹುಡುಕಲು ಶುರುಮಾಡುತ್ತಿದ್ದರು.

ಔಡಲೆಣ್ಣೆ ನಮ್ಮ ಬಂಡಿಗಳಲ್ಲೇ ನಿಲ್ಲಲಿಲ್ಲ. 1909ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡನ ಕಂಪನಿ ಮೋಟರ್ ಎಂಜಿನ್ನುಗಳಿಗಾಗಿ ಔಡಲೆಣ್ಣೆ ಬೆರೆಸಿದ ಎಣ್ಣೆ ಮಾಡಿ ಕ್ಯಾಸ್ಟ್ರಾಲ್ ಎಂಬ ಹೆಸರಿನಲ್ಲಿ ಮಾರಿತು. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್ನುಗಳಿಗೆ ಔಡಲೆಣ್ಣೆಯೇ ಬೇಕಿತ್ತು. ಪೆಟ್ರೋಲಿನಲ್ಲಿ ಅದು ಸುಲಭವಾಗಿ ಕರಗದು ಎಂಬುದೇ ಅದರ ಗುಣ. ಔಡಲ ಬೀಜದಲ್ಲಿ ಇವತ್ತಿಗೂ ಜಗತ್ತಿಗೆಲ್ಲ ಭಾರತವೇ ಮುಂದು. ನಮ್ಮ ಹೊಲದ ಬದುವಿನ ಗಿಡದ ಎಣ್ಣೆ ಆಕಾಶದಲ್ಲಿ ಹಾರಿದ ಎಂಜಿನ್ನನ್ನೂ ಕಾಪಾಡಿತು ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಮೋಟರು ನಮ್ಮ ಊರುಗಳಿಗೆ ಬಂದದ್ದು ಖಾಸಗಿ ಬಸ್ಸುಗಳ ರೂಪದಲ್ಲಿ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಆದಾಗ ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಆ ಗ್ಯಾಸಿನಿಂದ ಎಂಜಿನ್ ಓಡಿಸುತ್ತಿದ್ದರು. ಇದ್ದಿಲ ಬೂದಿ, ಟಾರು ಎಂಜಿನ್ನಿನೊಳಗೆ ಹೋಗಿ ಆಯಿಲ್ ಬೇಗನೆ ಕೆಸರಾಗುತ್ತಿತ್ತು. ಅಪ್ಪ ಕೆಲಸಕ್ಕೆ ಸೇರುವ ಹೊತ್ತಿಗೆ ಆ ಕಾಲ ಮುಗಿದು ಫಾರ್ಗೋ, ಬೆಡ್‌ಫೋರ್ಡ್, ಟಾಟಾ ಮರ್ಸಿಡಿಸ್ ಬೆಂಜ್ ಗಾಡಿಗಳು ಓಡುತ್ತಿದ್ದವು. ಆದರೆ ಅವನಿಗೆ ಕೆಲಸ ಕಲಿಸಿದ ಹಿರಿಯ ಡ್ರೈವರುಗಳು ಇದ್ದಿಲ ಬಸ್ಸು ಓಡಿಸಿದವರು. ಆಯಿಲ್ ವಿಷಯದಲ್ಲಿ ಅವರು ಉದಾಸೀನ ಮಾಡುತ್ತಿರಲಿಲ್ಲ, ಮಾಡಲು ಬಿಡುತ್ತಲೂ ಇರಲಿಲ್ಲ.

ಆಗಿನ ಆಯಿಲ್ ಈಗಿನದಲ್ಲ. ಮೂವತ್ತು, ನಲವತ್ತು ಎಂದು ಒಂದೇ ನಂಬರಿನ ಮಂದ ಎಣ್ಣೆ. ಚಳಿಯಲ್ಲಿ ಗಟ್ಟಿ, ಬಿಸಿಲಿಗೆ ತೆಳು. ಬಂಕಿನಲ್ಲಿ ಡ್ರಮ್ಮಿಗೆ ಕೈಪಂಪು ಹಾಕಿ, ಮೂತಿ ಉದ್ದದ ಲೀಟರ್ ಮಾಪಿಗೆ ಹಿಡಿದು ಸುರಿಯುತ್ತಿದ್ದರು. ಬರ್ಮಾ ಶೆಲ್, ಕಾಲ್ಟೆಕ್ಸ್, ಎಸ್ಸೋ ಬೋರ್ಡುಗಳಿದ್ದ ಬಂಕುಗಳು 1970ರ ದಶಕದ ರಾಷ್ಟ್ರೀಕರಣದ ನಂತರ ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ ಆದವು. ಇಂಡಿಯನ್ ಆಯಿಲ್‌ನ ಸರ್ವೋ 1972ರಲ್ಲಿ ಬಂತು. ನಮ್ಮ ಕಡೆ ಲಾರಿ, ಬಸ್ಸಿನವರ ಬಾಯಲ್ಲಿ ಮನೆಮಾತಾಯಿತು. ಚಳಿಗೂ ಬಿಸಿಲಿಗೂ ಒಂದೇ ಆಗುವ, ಎರಡು ನಂಬರಿನ 20ಡಬ್ಲ್ಯೂ-40 ಆಯಿಲ್ ಊರೂರಿಗೆ ತಲುಪಿತು. ಅದರೊಳಗೇ ಮಸಿಯನ್ನು ಹಿಡಿದಿಟ್ಟುಕೊಳ್ಳುವ ರಾಸಾಯನಿಕಗಳು ಸೇರಿದವು. ಆಯಿಲ್ ಬೇಗ ಕಪ್ಪಾದರೆ ಕೆಟ್ಟಿತೆಂದು ತಿಳಿಯುವ ಜನ ಈಗಲೂ ಇದ್ದಾರೆ. ಡೀಸೆಲ್ ಗಾಡಿಯಲ್ಲಿ ಆಯಿಲ್ ಕಪ್ಪಾಗುವುದು ಅದು ಮಸಿಯನ್ನು ಹೊತ್ತು ಕೆಲಸ ಮಾಡುತ್ತಿರುವುದರ ಗುರುತು.

ಅಪ್ಪನ ಪರೀಕ್ಷೆ ಸರಳ. ಬೆಳಗಿನ ಟ್ರಿಪ್ಪಿಗೆ ಮುಂಚೆ, ಎಂಜಿನ್ ತಣ್ಣಗಿರುವಾಗ, ಆಯಿಲ್ ಕಡ್ಡಿ ಎಳೆದು ಒರೆಸಿ ಮತ್ತೆ ಹಾಕಿ ತೆಗೆಯುವುದು. ಕಡ್ಡಿಯ ತುದಿಯ ಒಂದು ಹನಿಯನ್ನು ಕಾಗದದ ಮೇಲೆ ಬಿಡುವುದು. ಹನಿ ಹರಡಿ ಸುತ್ತಲೂ ತಿಳಿ ಅಂಚು ಬಂದರೆ ಇನ್ನೂ ಓಡಿಸಬಹುದು. ನಡುವೆ ಗಟ್ಟಿ ಕರಿ ಮಚ್ಚೆಯಾಗಿ ನಿಂತರೆ ಆಯಿಲ್ ಮುಗಿಯಿತು. ಆಮೇಲೆ ಬೆರಳ ನಡುವೆ ತಿಕ್ಕಿ ನೋಡುವುದು. ಈ ತಿಕ್ಕುವ ಪಾಠ ಬಂಡಿಯ ಅಚ್ಚಿನಿಂದ ಬಂದದ್ದು, ಬಸ್ಸಿನಲ್ಲೂ ಉಪಯೋಗಕ್ಕೆ ಬಂತು. ಬದಲಿಸುವ ಬದಲು ಮೇಲಿಂದ ಮೇಲೆ ಅರ್ಧ ಲೀಟರ್ ಸುರಿದು ಸಾಗಿಸುತ್ತಿದ್ದ ಮಾಲೀಕರು ಆಗಲೂ ಇದ್ದರು. ಅಂಥವರ ಎಂಜಿನ್ ಬೇಗ ಬೋರಿಗೆ ಬಂದು, ಹಿಂದೆ ನೀಲಿ ಹೊಗೆ ಬಿಡುತ್ತ ಘಾಟಿ ಹತ್ತುತ್ತಿತ್ತು.

ನಮ್ಮ ಸೀಮೆಯ ನೆಲದ ಗುಣವನ್ನು ಇಲ್ಲಿ ಹೇಳಲೇಬೇಕು. ಹಳೆಯ ಬಳ್ಳಾರಿ ಜಿಲ್ಲೆಯ ಪೂರ್ವದ ತಾಲ್ಲೂಕುಗಳಲ್ಲಿ ಎರೆ ಹೆಚ್ಚು, ಪಶ್ಚಿಮದ ನಮ್ಮ ತಾಲ್ಲೂಕುಗಳಲ್ಲಿ ಮಸಾರಿ ಹೆಚ್ಚು. ಮಸಾರಿಯ ಕೆಂಧೂಳು ನುಣ್ಣಗಿದ್ದರೂ ಅದರೊಳಗೆ ಮರಳಿನ ಕಣ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ. ಏರ್ ಫಿಲ್ಟರ್ ಧೂಳು ಕಟ್ಟಿ ಸಡಿಲವಾದರೆ ಆ ಮರಳು ಸಿಲಿಂಡರಿಗೆ ಹೋಗಿ ಅಲ್ಲಿಂದ ಆಯಿಲ್‌ಗೆ ಇಳಿಯುತ್ತದೆ. ಬೆಂಗಳೂರಿನ ಟಾರು ರಸ್ತೆಗೆ ಹತ್ತು ಸಾವಿರ ಕಿಲೋಮೀಟರ್ ಎಂದು ಬರೆದಿದ್ದರೆ, ಗುಡೇಕೋಟೆಯ ಕಡೆಯ ಹೊಲದ ದಾರಿಗೆ ಅದನ್ನೇ ನಂಬಬಾರದು. ಕಾರಿನ ಜೊತೆ ಕೊಡುವ ಪುಸ್ತಕದಲ್ಲೇ ಇದನ್ನು ಬರೆದಿರುತ್ತಾರೆ: ಧೂಳಿನ ದಾರಿ, ಅತಿ ಬಿಸಿಲು, ಸಣ್ಣ ಸಣ್ಣ ಓಡಾಟ, ಹೆಚ್ಚು ಭಾರ ಇದ್ದರೆ ಅವಧಿಗೆ ಮುಂಚೆಯೇ ಬದಲಿಸಿ. ನಮ್ಮ ಐದೂ ತಾಲ್ಲೂಕುಗಳು ಆ ಸಾಲಿಗೆ ಸೇರಿದವು.

ಊರಿನ ಗ್ಯಾರೇಜುಗಳು ಬೆಳೆದದ್ದು ಈ ಬಸ್ಸು, ಲಾರಿ, ಜೀಪುಗಳ ನೆರಳಲ್ಲಿ. ಯಾವುದೋ ಬಸ್ಸಿನ ಕ್ಲೀನರ್ ಆಗಿ ಬಂದ ಹುಡುಗ ಕೈ ಕೆಲಸ ಕಲಿತು, ಬಸ್ ಸ್ಟ್ಯಾಂಡಿನ ಹತ್ತಿರ ಒಂದು ತಗಡಿನ ಶೆಡ್ ಹಾಕಿ, ನಾಲ್ಕು ಪಾನಾ, ಒಂದು ಜ್ಯಾಕಿನಿಂದ ಶುರು ಮಾಡುತ್ತಿದ್ದ. ಹತ್ತು ವರ್ಷಕ್ಕೆ ಅವನೇ ಉಸ್ತಾದ್. ಅವನ ಕೈ ಕೆಳಗೆ ಮತ್ತೆ ಮೂವರು ಹುಡುಗರು. ಕನ್ನಡ, ಉರ್ದು, ತೆಲುಗು ಮೂರೂ ಆ ಶೆಡ್ಡಿನಲ್ಲಿ ನಡೆಯುತ್ತಿದ್ದವು. ಐಟಿಐ ಓದಿದವರು ಅಪರೂಪ. ಶಬ್ದ ಕೇಳಿ ರೋಗ ಹೇಳುವವರು ಬಹಳ. ಅಂಬಾಸಿಡರ್, ಮಹೀಂದ್ರಾ ಜೀಪು, ಆಮೇಲೆ ಕೊಟ್ಟೂರು-ಕುಡ್ಲಿಗಿ, ಕೊಟ್ಟೂರು-ಹರಪನಹಳ್ಳಿ ದಾರಿಯಲ್ಲಿ ಜನ ತುಂಬಿಕೊಂಡು ಓಡಿದ ಟ್ರ್ಯಾಕ್ಸುಗಳು, ಎಲ್ಲದರ ಆಯಿಲ್ ಬದಲಾದದ್ದು ಈ ಶೆಡ್ಡುಗಳ ಮುಂದೆ. ಆಯುಧಪೂಜೆಯ ಹಿಂದಿನ ವಾರ ಸಾಲು ಹಚ್ಚಿ ಗಾಡಿಗಳು ನಿಲ್ಲುತ್ತಿದ್ದವು. ಪೂಜೆಗೆ ಗಾಡಿಯ ಮೈ ಹೇಗೆ ತೊಳೆಯಬೇಕೋ ಹಾಗೇ ಒಳಗಿನ ಎಣ್ಣೆಯೂ ಹೊಸದಾಗಿರಬೇಕು ಎಂಬ ನೇಮವನ್ನು ಡ್ರೈವರುಗಳೇ ಮಾಡಿಕೊಂಡಿದ್ದರು. ಕ್ಯಾಲೆಂಡರ್ ನೋಡುವ ಅಭ್ಯಾಸ ಇಲ್ಲದ ಕಾಲದಲ್ಲಿ ಎಷ್ಟೋ ಎಂಜಿನ್ನುಗಳನ್ನು ಆ ನೇಮವೇ ಉಳಿಸಿತು.

ನನ್ನ ಮೊದಲ ಕಾರು ಸೆಕೆಂಡ್ ಹ್ಯಾಂಡ್ ಮಾರುತಿ 800. ಕೊಟ್ಟೂರಿನ ಒಬ್ಬ ಉಸ್ತಾದರು ಅದರ ಆಯಿಲ್ ಬದಲಿಸುವುದನ್ನು ನೋಡುವುದೇ ಒಂದು ಪಾಠ. ತಣ್ಣಗಿನ ಎಂಜಿನ್ ಅವರು ಮುಟ್ಟುತ್ತಿರಲಿಲ್ಲ. ಐದು ನಿಮಿಷ ಓಡಿಸಿ ಬಿಸಿ ಮಾಡಿ ಆಫ್ ಮಾಡುವುದು. ಬಿಸಿಯಾದ ಆಯಿಲ್ ಕೆಸರನ್ನು ತನ್ನ ಜೊತೆಗೇ ಎಳೆದುಕೊಂಡು ಬರುತ್ತದೆ. ಕೆಳಗೆ ತಗಡಿನ ಬುಟ್ಟಿ ಇಟ್ಟು ಚೇಂಬರಿನ ನಟ್ ಬಿಚ್ಚಿದರೆ ಮೊದಲು ಹೆಬ್ಬೆರಳ ಗಾತ್ರದ ಧಾರೆ, ಕ್ರಮೇಣ ನೂಲಿನಷ್ಟು, ಕೊನೆಗೆ ಹನಿ ಹನಿ. ಹನಿ ನಿಲ್ಲುವವರೆಗೆ ಕಾಯುತ್ತಿದ್ದರು. ನಟ್ಟಿನ ತುದಿಯನ್ನು ಬೆಳಕಿಗೆ ಹಿಡಿದು ಲೋಹದ ಚೂರು ಅಂಟಿದೆಯೇ ಎಂದು ನೋಡುತ್ತಿದ್ದರು. ಹಳೆಯ ಫಿಲ್ಟರ್ ತೆಗೆದಾಗ ಅದರ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿ ಉಳಿದಿಲ್ಲ ಎಂದು ಬೆರಳಾಡಿಸಿ ಖಾತ್ರಿ ಮಾಡಿಕೊಂಡು, ಹೊಸ ಫಿಲ್ಟರಿನ ರಿಂಗಿಗೆ ಒಂದು ಹನಿ ಹೊಸ ಆಯಿಲ್ ಸವರಿ, ಪಾನಾ ಹಚ್ಚದೆ ಕೈಯಿಂದಲೇ ಬಿಗಿಯುತ್ತಿದ್ದರು. ನಟ್ಟಿಗೆ ಹೊಸ ವಾಷರ್. ಆಮೇಲೆ ಆಯಿಲ್ ಡಬ್ಬಿ ನನ್ನ ಕೈಗೆ ಕೊಟ್ಟು ಹೇಳುತ್ತಿದ್ದರು: “ಸೀಲ್ ನೀವೇ ಒಡೀರಿ ಸರ. ನಾಳೆ ನನ್ನ ಮ್ಯಾಲೆ ಅನುಮಾನ ಬರಬಾರದು, ನಿಮಗೂ ನಿದ್ದಿ ಬರಬೇಕು.”

ಸುರಿದ ಮೇಲೂ ಕೆಲಸ ಮುಗಿಯದು. ಒಂದು ನಿಮಿಷ ಎಂಜಿನ್ ಓಡಿಸಿ, ಐದು ನಿಮಿಷ ಬಿಟ್ಟು, ಕಡ್ಡಿಯ ಎರಡು ಗುರುತುಗಳ ನಡುವೆ ಆಯಿಲ್ ನಿಂತಿದೆಯೇ ನೋಡಬೇಕು. ಕಡಿಮೆಯಾದರೆ ಕೇಡು ಎಂಬುದು ಎಲ್ಲರಿಗೂ ಗೊತ್ತು. ಮೇಲಿನ ಗುರುತು ದಾಟಿದರೂ ಅಷ್ಟೇ ಕೇಡು. ಕ್ರ್ಯಾಂಕ್ ಶಾಫ್ಟ್ ಆಯಿಲನ್ನು ಕಡೆದು ನೊರೆ ಎಬ್ಬಿಸಿದರೆ ಬೇರಿಂಗಿಗೆ ಎಣ್ಣೆಯ ಜಾಗದಲ್ಲಿ ಗಾಳಿ ಹೋಗುತ್ತದೆ.

2000ದ ನಂತರ ನಮ್ಮ ಸುತ್ತಲಿನ ಗಾಲಿಗಳ ಲೆಕ್ಕವೇ ಬದಲಾಯಿತು. ಸಂಡೂರು, ಹೊಸಪೇಟೆಯ ಅದಿರಿಗೆ ಚೀನಾದ ಬೇಡಿಕೆ ಬಂದು ಲಾರಿಗಳು ಹಗಲು ರಾತ್ರಿ ಬಂದರುಗಳ ಕಡೆ ಓಡಿದವು. ಕುಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯ ಎಷ್ಟೋ ರೈತರು ಸಾಲ ಮಾಡಿ ಲಾರಿ ಕೊಂಡರು. ಹೆದ್ದಾರಿಯುದ್ದಕ್ಕೂ ಗ್ಯಾರೇಜು, ಪಂಕ್ಚರ್ ಅಂಗಡಿ, ಆಯಿಲ್ ಅಂಗಡಿಗಳು ಎದ್ದವು. ಲಾರಿಯ ಎಂಜಿನ್ನಿಗೆ ಕಾರಿನ ನಾಲ್ಕೈದು ಪಾಲು ಆಯಿಲ್ ಬೇಕು. ಟ್ರಿಪ್ಪಿನ ಮೇಲೆ ಟ್ರಿಪ್ಪು ಹೊಡೆಯುವ ಅವಸರದಲ್ಲಿ ಬದಲಿಸುವ ದಿನ ಮುಂದೆ ಮುಂದೆ ಹೋಗುತ್ತಿತ್ತು. ಕಡಿಮೆ ಬೆಲೆಗೆ ಸಿಗುವ, ಯಾರ ಹೆಸರೂ ಇಲ್ಲದ ಲೂಸ್ ಆಯಿಲ್, ಖಾಲಿ ಡಬ್ಬಿಗೆ ತುಂಬಿ ಮಾರುವ ನಕಲಿ ಆಯಿಲ್ ಬೀದಿಗೆ ಬಂದದ್ದೂ ಆಗಲೇ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನೆಲ ಉಳಿಯಲು ಅದು ಬೇಕಾಗಿತ್ತು. ಆದರೆ ಸಾಲದ ಲಾರಿಗಳು ಹೊಲದ ಅಂಚಿನಲ್ಲಿ ನಿಂತವು. ನಿಂತ ಎಂಜಿನ್ನಿನೊಳಗೂ ಆಯಿಲ್ ಕೆಡುತ್ತದೆ. ತೇವ ಸೇರಿ ಹುಳಿಯಾಗಿ ಲೋಹವನ್ನು ತಿನ್ನುತ್ತದೆ. ಹಾಗೆ ನಿಂತೇ ಗುಜರಿಗೆ ಹೋದ ಲಾರಿಗಳನ್ನು ನಮ್ಮ ಊರುಗಳು ಕಂಡಿವೆ. ಅವುಗಳ ಹಿಂದೆ ಮುಳುಗಿದ ಮನೆಗಳನ್ನೂ ಕಂಡಿವೆ.

ಇದೇ ಕಾಲದಲ್ಲಿ ಕಾರುಗಳು ಹೆಚ್ಚಿದವು, ಶೋರೂಂಗಳ ಕಾಲ ಬಂತು. ಹೊಸ ಕಾರಿನ ಜೊತೆ ವಾರಂಟಿ, ವಾರಂಟಿಯ ಜೊತೆ ಕಂಪನಿಯ ವರ್ಕ್‌ಶಾಪಿನಲ್ಲೇ ಸರ್ವೀಸ್ ಮಾಡಿಸಬೇಕೆಂಬ ಷರತ್ತು. ಕೊಟ್ಟೂರಿನವನು ಆಯಿಲ್ ಬದಲಿಸಲು ಹೊಸಪೇಟೆಗೋ ದಾವಣಗೆರೆಗೋ ಹೋಗಿ, ಒಂದು ದಿನದ ಕೆಲಸ ಬಿಟ್ಟು, ಗಾಜಿನ ಕೋಣೆಯಲ್ಲಿ ಕುಳಿತು ಬಿಲ್ಲಿಗೆ ಕಾಯುವಂತಾಯಿತು. ಕಂಪನಿಗಳು ಬಿಡಿಭಾಗಗಳನ್ನೂ ರಿಪೇರಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜಿಗೆ ಸಿಗದಂತೆ ಹಿಡಿದಿಟ್ಟಿವೆ ಎಂದು 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಆ ವಿಷಯ ಕೋರ್ಟಿನ ಮೆಟ್ಟಿಲು ಹತ್ತಿತು. ಆದರೂ ಊರಿನ ಉಸ್ತಾದನ ಕಷ್ಟ ದೇಶದ ಮಟ್ಟದ ಒಂದು ಆಯೋಗದ ಕಿವಿಗೆ ಬಿತ್ತು ಎಂಬುದು ಸಣ್ಣ ಸಂಗತಿಯಲ್ಲ.

ವರ್ಕ್‌ಶಾಪುಗಳನ್ನು ನಾನು ಹಳಿಯುವುದಿಲ್ಲ. ಅಲ್ಲಿ ಗಾಡಿ ಎತ್ತುವ ಲಿಫ್ಟ್ ಇದೆ, ಕಂಪ್ಯೂಟರ್ ಇದೆ, ನಟ್ಟನ್ನು ಇಷ್ಟೇ ಬಿಗಿಯಬೇಕೆಂದು ಅಳೆಯುವ ಪಾನಾ ಇದೆ. ಆದರೆ ಒಂದು ದೊಡ್ಡ ಊರಿನ ವರ್ಕ್‌ಶಾಪಿನಲ್ಲಿ ನನ್ನ ಕಾರಿಗೆ ಹೊಸ ಫಿಲ್ಟರಿನ ಬಿಲ್ ಹಾಕಿ ಹಳೆಯ ಫಿಲ್ಟರನ್ನೇ ಬಿಟ್ಟಿದ್ದರು. ಊರಿಗೆ ಬಂದ ಮೇಲೆ ಉಸ್ತಾದರು ಅದರ ಮೇಲೆ ತಾವೇ ಹಿಂದೆ ಗೀಚಿದ್ದ ತಾರೀಕನ್ನು ತೋರಿಸಿದರು. ನಾನು ಗಾಜಿನ ಈಚೆ ಕುಳಿತಿದ್ದೆ, ಕಾರು ಆಚೆ ಇತ್ತು. ಅಜ್ಜ ಆಳಿಗೆ ಕಡ್ಡಿ ಕೊಡದಿದ್ದುದರ ಅರ್ಥ ನನಗೆ ಅಂದು ಪೂರ್ತಿಯಾಗಿ ತಿಳಿಯಿತು.

ಈ ಚರಿತ್ರೆಯಿಂದ ಇಂದಿನ ಪ್ರಶ್ನೆಗೆ ಬರುತ್ತೇನೆ. ನನ್ನ ಅಭಿಪ್ರಾಯ ನೇರವಾಗಿದೆ. ವಾರಂಟಿ ಇರುವವರೆಗೆ ಷರತ್ತಿನಂತೆ ಕಂಪನಿಯ ವರ್ಕ್‌ಶಾಪಿಗೆ ಹೋಗಿ; ಕೆಲಸ ನೋಡಲು ಬಿಡಿ ಎಂದು ಕೇಳಿ, ತೆಗೆದ ಫಿಲ್ಟರನ್ನು ತೋರಿಸಿ ಎಂದು ಕೇಳಿ. ವಾರಂಟಿ ಮುಗಿದ ಮೇಲೆ ಊರಿನಲ್ಲೇ ಮಾಡಿಸಿ. ಆದರೆ ಆಯಿಲ್ ಯಾವುದೆಂದು ಮೊದಲೇ ನಿಮ್ಮ ಕಾರಿನ ಪುಸ್ತಕದಲ್ಲಿ ನೋಡಿಕೊಳ್ಳಿ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಕಾರುಗಳಿಗೆ ಹಳೆಯ 20ಡಬ್ಲ್ಯೂ-40 ಸುರಿಯುವಂತಿಲ್ಲ. ಹೊಸ ಪೆಟ್ರೋಲ್ ಎಂಜಿನ್ನುಗಳಿಗೆ ತೆಳುವಾದ ಆಯಿಲ್ ಬೇಕು. ಹೊಸ ಡೀಸೆಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದ್ದರೆ ಬೂದಿ ಕಡಿಮೆ ಬಿಡುವ ಆಯಿಲೇ ಬೇಕು. ತಪ್ಪು ಆಯಿಲ್ ಹಾಕಿದರೆ ಆ ಫಿಲ್ಟರ್ ಕಟ್ಟಿಕೊಂಡು ಸಾವಿರಾರು ರೂಪಾಯಿ ಕೈಬಿಡುತ್ತದೆ. “ಇದೂ ನಡೀತೈತಿ ಬಿಡ್ರಿ” ಎಂಬ ಮಾತಿಗೆ ಹೊಸ ಎಂಜಿನ್ನಿನಲ್ಲಿ ಜಾಗವಿಲ್ಲ. ಡಬ್ಬಿಯ ಮೇಲಿನ ನಂಬರು, ದರ್ಜೆ ಎರಡನ್ನೂ ಪುಸ್ತಕದ ಜೊತೆ ತಾಳೆ ನೋಡಿ, ಬಿಲ್ ಪಡೆದು ಕೊಳ್ಳಿ, ಸೀಲ್ ನೀವೇ ಒಡೆಯಿರಿ, ಖಾಲಿ ಡಬ್ಬಿಯನ್ನು ನಕಲಿಯವರ ಕೈಗೆ ಸಿಗದಂತೆ ತೂತು ಮಾಡಿ. ಕಿಲೋಮೀಟರನ್ನೂ ತಾರೀಕನ್ನೂ ಬರೆದಿಡಿ. ನಮ್ಮ ಧೂಳು, ಬಿಸಿಲಿಗೆ ಪುಸ್ತಕದ ಅವಧಿಗಿಂತ ಸ್ವಲ್ಪ ಮುಂಚೆಯೇ ಬದಲಿಸಿ, ಏರ್ ಫಿಲ್ಟರನ್ನು ಜೊತೆಗೇ ನೋಡಿಸಿ.

ಇನ್ನು ತೆಗೆದ ಎಣ್ಣೆಯ ಮಾತು. ಅದಕ್ಕೂ ಒಂದು ಚರಿತ್ರೆ ಇದೆ. ಬಸ್ಸು, ಲಾರಿಯಿಂದ ತೆಗೆದ ಸುಟ್ಟ ಆಯಿಲ್ ಬಹಳ ವರ್ಷ ಬಂಡಿಯ ಅಚ್ಚಿಗೇ ಹೋಯಿತು. ಔಡಲ ಬೆಳೆಯುವುದು ಕಡಿಮೆಯಾಗಿ, ಅರೆಯುವ ಪುರುಸೊತ್ತೂ ಇಲ್ಲದಾಗಿ, ಗೊಟ್ಟದೊಳಗೆ ಕೀಲೆಣ್ಣೆಯ ಜಾಗವನ್ನು ಕರಿ ಆಯಿಲ್ ಹಿಡಿಯಿತು. ಅಪ್ಪ ತಂದುಕೊಟ್ಟ ಆಯಿಲನ್ನು ಅಜ್ಜ ಬಳಿದದ್ದನ್ನು ನಾನು ನೋಡಿದ್ದೇನೆ. ಟೈರಿನ ಬಂಡಿ ಬಂದ ಮೇಲೆ ಅದಕ್ಕೆ ಬೇರಿಂಗು, ಗ್ರೀಸು. ಆಗ ಕರಿ ಆಯಿಲ್ ಬೇಲಿಯ ಗೂಟಕ್ಕೆ, ಗೆದ್ದಲು ಹತ್ತಿದ ತೊಲೆಗೆ, ಮನೆ ಕಟ್ಟುವವರ ಸೆಂಟ್ರಿಂಗ್ ಹಲಗೆಗೆ ಹೋಯಿತು. ಉಳಿದದ್ದು ಚರಂಡಿಗೆ.

ಆ ಕಾಲದಲ್ಲಿ ಆಯಿಲ್ ಕಡಿಮೆಯಿತ್ತು, ಗಾಡಿ ಕಡಿಮೆಯಿತ್ತು. ಈಗ ಹಾಗಿಲ್ಲ. ಸುಟ್ಟ ಆಯಿಲ್‌ನಲ್ಲಿ ಎಂಜಿನ್ನಿನ ಲೋಹದ ಅಂಶ, ಕ್ಯಾನ್ಸರ್ ತರುವ ವಸ್ತುಗಳು ಇರುತ್ತವೆ. ಒಂದು ಲೀಟರ್ ಸುಟ್ಟ ಆಯಿಲ್ ಹತ್ತು ಲಕ್ಷ ಲೀಟರ್ ನೀರನ್ನು ಕೆಡಿಸಬಲ್ಲದು ಎಂದು ಪರಿಸರ ತಜ್ಞರು ಲೆಕ್ಕ ಕೊಡುತ್ತಾರೆ. ಕುಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸಲಿ ಎಂದು ನಮ್ಮ ಜನ ವರ್ಷಗಟ್ಟಲೆ ಕಾದವರು. ಅಂಥ ನೆಲದಲ್ಲಿ ಒಂದು ಬುಟ್ಟಿ ಕರಿ ಆಯಿಲನ್ನು ಚರಂಡಿಗೆ ಚೆಲ್ಲುವುದು ನಮ್ಮ ಕೆರೆಗೆ ನಾವೇ ವಿಷ ಹಾಕಿದಂತೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಪರವಾನಗಿ ಇರುವ ಮರುಸಂಸ್ಕರಣಾ ಘಟಕಕ್ಕೇ ಹೋಗಬೇಕು. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸಿ ಮಾರುವ ಕಂಪನಿಗಳ ಮೇಲೂ ಅದನ್ನು ವಾಪಸ್ ಸಂಸ್ಕರಿಸುವ ಹೊಣೆ ಬಂದಿದೆ. ಶುದ್ಧ ಮಾಡಿದರೆ ಅದೇ ಎಣ್ಣೆಯಿಂದ ಮತ್ತೆ ಹೊಸ ಆಯಿಲ್ ಆಗುತ್ತದೆ. ದೊಡ್ಡ ವರ್ಕ್‌ಶಾಪಿನವರಿಗೆ ಈ ವ್ಯವಸ್ಥೆ ಇದೆ. ಬೇವಿನ ಮರದ ಕೆಳಗಿನ ಉಸ್ತಾದನಿಗೂ ಅದು ತಲುಪಬೇಕು.

ಆದ್ದರಿಂದ ಈ ಐದು ಊರುಗಳ ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ನನ್ನ ವಿನಂತಿ: ಊರಿಗೊಂದು ಕಡೆ, ಗ್ಯಾರೇಜುಗಳಿಗೆ ಹತ್ತಿರವಾಗಿ, ಮುಚ್ಚಳವಿರುವ ಡ್ರಮ್ಮುಗಳನ್ನು ಇಡಿ. ತಿಂಗಳಿಗೊಮ್ಮೆ ಪರವಾನಗಿ ಇರುವವರು ಬಂದು ತೂಕ ಮಾಡಿ ಹಣ ಕೊಟ್ಟು ಒಯ್ಯುವಂತೆ ಮಾಡಿ. ಗ್ಯಾರೇಜಿನವರು ಚೆಲ್ಲುವುದನ್ನು ತಾವಾಗಿಯೇ ನಿಲ್ಲಿಸುತ್ತಾರೆ. ಕಾರಿನವರಲ್ಲಿ ನನ್ನ ಮಾತು ಇಷ್ಟೇ: ಮುಂದಿನ ಸಲ ಆಯಿಲ್ ಬದಲಿಸುವಾಗ ಫೋನ್ ಜೇಬಿನಲ್ಲಿಟ್ಟು ಗಾಡಿಯ ಪಕ್ಕದಲ್ಲಿ ನಿಲ್ಲಿ, ಯಾವ ಆಯಿಲ್ ಹೋಯಿತು ಎಂದೂ ನೋಡಿ, ಹಳೆಯದು ಎಲ್ಲಿಗೆ ಹೋಯಿತು ಎಂದೂ ಕೇಳಿ.